ಪಿಸ್ಟನ್ನಿಗೆ ನಾನು ಬಿಡದ ಜಾಗ

ಸಿದ್ಧಕಟ್ಟೆಯಿಂದ ಒಳಗೆ ಹೋದರೆ ಕಲ್ಲು ಕಡಿದು ಬಿಟ್ಟ ಹಳೆಯ ಕೆಂಪುಕಲ್ಲಿನ ಕೋರೆಯೊಂದು ಉಂಟು. ಅದರ ಏರಿನಲ್ಲಿ ಎಟಿವಿಯ, ಅಂದರೆ ಗುಡ್ಡಗಾಡಿನಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕಿನ, ಎಂಜಿನ್ ಎರಡನೆಯ ಸಲ ಜಾಮ್ ಆದಾಗ ಹಿಂದಿನ ಚಕ್ರಗಳೆರಡೂ ಒಮ್ಮೆಲೇ ನಿಂತುಬಿಟ್ಟವು. ಓಡಿಸುತ್ತಿದ್ದವನು ಹ್ಯಾಂಡಲಿನ ಮೇಲಿಂದ ಎದುರಿಗೆ ಬಿದ್ದ. ಎದ್ದು ಕೂತು, ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, "ಮೇಸ್ತ್ರಿಗಳೇ, ಇದಕ್ಕೆ ಎಂತ ಆಗ್ತಾ ಉಂಟು?" ಎಂದು ಕೇಳಿದ. ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರದಿಂದ ಏನೇನಾಯಿತು ಎಂದು ಬರೆದಿಡಬೇಕು. ನನಗೆ ಎಪ್ಪತ್ತು ಹತ್ತಿರ ಬಂತು. ಇದನ್ನು ಬಾಯಲ್ಲಿ ಹೇಳಬೇಕಾದವರಿಗೆ ಹೇಳಿ ಆಗಿದೆ, ಆದರೆ ತಡವಾಗಿ ಹೇಳಿದೆ.

ಅವನು ಶಿರ್ತಾಡಿಯವನು. ಗಲ್ಫಿನ ಮರಳುಗಾಡಿನಲ್ಲಿ ಪ್ರವಾಸಿಗಳನ್ನು ಎಟಿವಿಯಲ್ಲಿ ಸುತ್ತಾಡಿಸುವ ಕೆಲಸ ಮಾಡುತ್ತಿದ್ದ. ರಜೆಯಲ್ಲಿ ಊರಿಗೆ ಬಂದಾಗ ಬೆಳ್ತಂಗಡಿ ಕಡೆಯ ಒಂದು ರೆಸಾರ್ಟಿನ ಯಜಮಾನರು ಅವನಿಗೆ ಒಂದು ಮಾತು ಕೊಟ್ಟಿದ್ದರು. ಅವರ ಗುಡ್ಡದಲ್ಲಿ ಮಣ್ಣಿನ ಟ್ರ್ಯಾಕ್ ತಯಾರಾಗುತ್ತಿತ್ತು. ಮಳೆ ಹಿಡಿಯುವ ಮೊದಲು, ಅವರು ಹೇಳಿದ ದಿನ, ಒಳ್ಳೆಯ ಎಳೆತದ ಒಂದು ಸ್ಪೋರ್ಟ್ ಎಟಿವಿ ತಂದು ಬೆಳಗ್ಗಿನಿಂದ ಸಂಜೆಯವರೆಗೆ ಆ ಏರಿನಲ್ಲಿ ಓಡಿಸಿ ತೋರಿಸಿದರೆ ಟ್ರ್ಯಾಕಿನ ಉಸ್ತುವಾರಿ ಅವನದ್ದು. ತೋರಿಸಲಾಗದಿದ್ದರೆ ರಜೆ ಮುಗಿಸಿ ಅವನು ವಾಪಸು ವಿಮಾನ ಹತ್ತಬೇಕು.

"ಹೋಗ್ಲಿಕ್ಕೆ ಮನಸ್ಸಿಲ್ಲ ಮೇಸ್ತ್ರಿಗಳೇ," ಎಂದಿದ್ದ ಮೊದಲ ದಿನವೇ. "ನನ್ನ ಮಗಳು ನನ್ನನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಹೋಗಿ ನಿಲ್ತಾಳೆ. ಪೋಸ್ಟ್‌ಮ್ಯಾನ್ ಬಂದರೆ ಎದುರು ಓಡಿ ನಗ್ತಾಳೆ."

ಸಮುದ್ರದ ಬದಿಯಲ್ಲಿ ಮುಚ್ಚಿಹೋದ ಒಂದು ಆಟದ ಕೇಂದ್ರದಿಂದ ಅವನು ತಂದ ಗಾಡಿ ಅದು. ಚೌಕಟ್ಟು ಚೆನ್ನಾಗಿತ್ತು, ಎಂಜಿನ್ ಸತ್ತಿತ್ತು. ಬಂಟ್ವಾಳದ ನನ್ನ ಶೆಡ್ಡಿನಲ್ಲಿ ಪಂಪಿನ ಎಂಜಿನ್, ಜೀಪಿನ ಎಂಜಿನ್ ಬಿಟ್ಟರೆ ಇಂಥದ್ದು ಬಂದದ್ದು ಅದೇ ಮೊದಲು. ಬಿಚ್ಚಿ ನೋಡಿದರೆ ಸಿಲಿಂಡರಿನ ಒಳಗಿನ ಲೇಪ ಸಿಪ್ಪೆಯ ಹಾಗೆ ಎದ್ದಿತ್ತು. ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗ್ ಉಪ್ಪು ತಿಂದು ಹೋಗಿತ್ತು. ಹೊಸ ಎಂಜಿನ್ ಹಾಕುವ ತಾಕತ್ತು ಅವನಿಗಿರಲಿಲ್ಲ. ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಎಂದು ಇಬ್ಬರೂ ಕೂತು ತೀರ್ಮಾನಿಸಿದೆವು. ತಿರುಗುವ ಮತ್ತು ಹೊಡೆತ ತಿನ್ನುವ ಭಾಗಗಳು ಹೊಸತು: ರಾಡು, ವಾಲ್ವಿನ ಸ್ಪ್ರಿಂಗು, ಮತ್ತು ಹೆಚ್ಚು ಒತ್ತಡ ಕೊಡುವ ಉಬ್ಬುತಲೆಯ ಪಿಸ್ಟನ್. ಅದು ಅಚ್ಚಿಗೆ ಹೊಯ್ದದ್ದಲ್ಲ, ಒತ್ತಿ ಕುಟ್ಟಿ ಮಾಡಿದ ಫೋರ್ಜ್ಡ್ ಪಿಸ್ಟನ್. ಹೊಡೆತಕ್ಕೆ ಒಡೆಯುವುದಿಲ್ಲ. ಉಳಿದದ್ದಕ್ಕೆಲ್ಲ ಗುಜರಿ. ಮಾಣಿಯ ಗುಜರಿ ಅಂಗಡಿಯಲ್ಲಿ ಸಣ್ಣ ಕಾರಿನ ರೇಡಿಯೇಟರ್ ಫ್ಯಾನಿನ ಸಮೇತ ಸಿಕ್ಕಿತು. ಸಿಲಿಂಡರಿಗೆ ಮತ್ತೆ ಲೇಪ ಹಾಕಿಸುವ ಬದಲು ಒಳಗೆ ಬೀಡುಕಬ್ಬಿಣದ ಕೊಳವೆ, ಅಂದರೆ ಲೈನರ್, ಕೂರಿಸುವುದೆಂದಾಯಿತು.

ನನ್ನ ಪಾಲಿನ ಕೆಲಸವನ್ನು ನಾನು ಶ್ರದ್ಧೆಯಿಂದ ಮಾಡಿದೆ, ಅದನ್ನು ಅಡಗಿಸುವುದಿಲ್ಲ. ಕ್ರ್ಯಾಂಕಿನ ಎರಡು ಚಕ್ರಗಳ ನಡುವೆ ಹೊಸ ರಾಡು ಒತ್ತಿ ಕೂರಿಸಿ, ಡಯಲ್ ಗೇಜಿನ ಮುಳ್ಳು ಅಲುಗದಷ್ಟು ನೇರ ಮಾಡಲು ತಾಮ್ರದ ಸುತ್ತಿಗೆಯಲ್ಲಿ ತಟ್ಟಿದ್ದೇ ತಟ್ಟಿದ್ದು. ಹೆಡ್ಡಿನಲ್ಲಿ ಗಾಳಿ ಹೋಗುವ ದಾರಿಯ ಮೆಟ್ಟಿಲುಗಳನ್ನು ಅರದಿಂದ ಉಜ್ಜಿ ಸಮ ಮಾಡಿದೆ. ವಾಲ್ವುಗಳನ್ನು ಅರೆದು ಕೂರಿಸಿ, ಮೇಲಿಂದ ಪೆಟ್ರೋಲ್ ಹೊಯ್ದು, ಒಂದು ಹನಿಯೂ ಕೆಳಗೆ ಇಳಿಯುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ.

ಲೈನರಿನ ಕೆಲಸಕ್ಕೆ ಮೂಡುಬಿದಿರೆಯ ಆಚಾರ್ರು. ಲೇತ್ ಇಟ್ಟುಕೊಂಡಿರುವ ಅವರು ಕಮ್ಮಾರರ ಮನೆತನದವರು, ನನ್ನ ಪ್ರಾಯದವರು. ನಾನು ಗಡ್ಡ ಬರುವ ಮೊದಲಿನಿಂದ ಅವರಲ್ಲಿಗೆ ಸಿಲಿಂಡರ್ ಕಳಿಸುತ್ತಿದ್ದೇನೆ. ನಮ್ಮೊಳಗೆ ಚೀಟಿ ಇಲ್ಲ. ಪಿಸ್ಟನ್ ಮತ್ತು ಸಿಲಿಂಡರ್ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೋಗುತ್ತದೆ, ಅಳತೆ ಫೋನಿನಲ್ಲಿ ಬಾಯಿಮಾತಿನಲ್ಲಿ. ಇಂಚಿನ ಸಾವಿರದಲ್ಲೊಂದು ಪಾಲಿಗೆ ನಾವು ಥೌ ಎನ್ನುತ್ತೇವೆ. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಎಷ್ಟು ಥೌ ಜಾಗ ಬಿಡಬೇಕು ಎಂದು ಎಂಜಿನ್ ಕಟ್ಟುವವನು ಹೇಳುತ್ತಾನೆ, ಲೇತಿನವನು ಅಷ್ಟೇ ಕೊರೆಯುತ್ತಾನೆ. ಹೇಳಿದವನ ಮಾತು, ಕೊರೆದವನ ಕೈ. ಇವೆರಡರ ಮೇಲೆಯೇ ನಮ್ಮ ಕಸುಬು ನಡೆದದ್ದು.

"ಎಷ್ಟು ಬಿಡುವ?" ಎಂದು ಅವರು ಕೇಳಿದರು.

"ಯಾವಾಗಿನ ಹಾಗೆ. ಒಂದೂವರೆ."

"ಭಾರದ ಪಿಸ್ಟನ್ ಮಾರಾಯ, ನಮ್ಮ ಪಂಪಿನದ್ದಲ್ಲ."

"ಪಂಪಾದರೂ ಅಷ್ಟೆ, ವಿಮಾನವಾದರೂ ಅಷ್ಟೆ. ಬಿಗಿ ಇದ್ದರೆ ಮಾತ್ರ ಎಳೆತ. ಒಂದೂವರೆ."

ಪಂಪಿನ ಎಂಜಿನಿನಲ್ಲಿ ಅದು ಸರಿ. ಸಡಿಲ ಎಂಜಿನ್ ಕೊಟ್ಟರೆ ತೋಟಕ್ಕೆ ಮದ್ದು ಬಿಡುವವರು ಮರುದಿನವೇ ತಂದು ಮುಖಕ್ಕೆ ಹಿಡಿಯುತ್ತಾರೆ. ಬಿಗಿಯಾಗಿ ಕಟ್ಟುವವನು ಎಂದೇ ನನಗೆ ಹೆಸರಿತ್ತು. ಆಚಾರ್ರು ಫೋನ್ ಇಟ್ಟರು. ಲೈನರನ್ನು ಮೀನಿನವರ ಐಸಿನಲ್ಲಿ ಹೂತು ಕುಗ್ಗಿಸಿ, ಸಿಲಿಂಡರನ್ನು ಕಾಯಿಸಿ ಹಿಗ್ಗಿಸಿ, ಒಂದರೊಳಗೆ ಒಂದು ಇಳಿಸಿ, ನಾನು ಹೇಳಿದ ಒಂದೂವರೆಗೆ ಕೊರೆದು ಕಳಿಸಿದರು.

ಮೊದಲ ಸಲ ಎಂಜಿನ್ ಜಾಮ್ ಆದಾಗ ನಾನು ನಿಜಕ್ಕೂ ಪೆಟ್ರೋಲ್ ಸಾಲಲಿಲ್ಲ ಎಂದೇ ತಿಳಿದೆ. ಏರಿನ ಅರ್ಧದಲ್ಲಿ ಸದ್ದು ಗಟ್ಟಿಯಾಗಿ, ಬಿಸಿ ಲೋಹದ ವಾಸನೆ ಬಂದು ನಿಂತಿತ್ತು. ತಣ್ಣಗಾದ ಮೇಲೆ ಮತ್ತೆ ತಿರುಗಿತು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ ದೊಡ್ಡದು ಹಾಕಿದೆ, ಪಿಸ್ಟನ್ನಿನ ಗೀರುಗಳನ್ನು ಎಮರಿ ಕಾಗದದಿಂದ ಉಜ್ಜಿದೆ, ಮತ್ತೆ ಕಟ್ಟಿದೆ. ಎರಡನೆಯ ಸಲ ಅವನು ಬಿದ್ದ.

ಆ ಸಂಜೆ ಶೆಡ್ಡಿನಲ್ಲಿ ಒಬ್ಬನೇ ಕೂತು ಬಿಚ್ಚಿದೆ. ಪಿಸ್ಟನ್ನಿನ ಸುತ್ತ ನಾಲ್ಕು ಕಡೆಗಳಲ್ಲಿ ಉಜ್ಜಿದ ಗುರುತುಗಳಿದ್ದವು. ಪೆಟ್ರೋಲ್ ಸಾಲದೆ ಆದದ್ದಾದರೆ ತಲೆಯ ಹತ್ತಿರ ಸುಟ್ಟ ಗುರುತು ಇರಬೇಕಿತ್ತು. ಇದು ಹಾಗಿರಲಿಲ್ಲ. ಹೆಂಡತಿಯ ಅನ್ನ ಬೇಯಿಸುವ ಪಾತ್ರೆ ತಂದೆ. ಪಂಪಿನ ಎಂಜಿನಿನ ಅಷ್ಟೇ ದಪ್ಪದ ಒಂದು ಹಳೆಯ ಪಿಸ್ಟನ್, ಈ ಫೋರ್ಜ್ಡ್ ಪಿಸ್ಟನ್, ಎರಡನ್ನೂ ತಣ್ಣಗಿರುವಾಗ ಮೈಕ್ರೋಮೀಟರಿನಲ್ಲಿ ಅಳೆದು, ಕುದಿಯುವ ನೀರಿನಲ್ಲಿಟ್ಟು, ಬಟ್ಟೆಯಲ್ಲಿ ಹಿಡಿದೆತ್ತಿ ಬಿಸಿ ಬಿಸಿಯಲ್ಲೇ ಮತ್ತೆ ಅಳೆದೆ. ಫೋರ್ಜ್ಡ್ ಪಿಸ್ಟನ್ ಪಂಪಿನದ್ದಕ್ಕಿಂತ ಒಂದು ಥೌಗೂ ಮಿಕ್ಕಿ ಹೆಚ್ಚು ಉಬ್ಬಿತ್ತು. ಕುದಿಯುವ ನೀರಿನಲ್ಲೇ ಅಷ್ಟಾದರೆ ಏರಿನ ಬೆಂಕಿಯಲ್ಲಿ ಎಷ್ಟಾದೀತು? ಹೊರಗಿನ ಕಬ್ಬಿಣದ ಲೈನರ್ ಅದರ ಜೊತೆ ಹಿಗ್ಗುವುದೂ ಇಲ್ಲ. ಒಂದೂವರೆ ಸಾಲದು, ಮೂರೂವರೆ ಬೇಕಿತ್ತು. ನಂಬಿಕೆ ಬಾರದೆ ಇನ್ನೊಮ್ಮೆ ಕುದಿಸಿ ಅಳೆದೆ. ಅದೇ ಬಂತು.

ಪಾತ್ರೆ ಒಲೆಯಿಂದ ಇಳಿಸುವಷ್ಟರಲ್ಲಿ ಅವನು ಬಂದ. ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು.

"ಗೊತ್ತಾಯಿತಾ?"

ಆಗ ಸತ್ಯ ಹೇಳಿದ್ದರೆ ಆಗುತ್ತಿತ್ತು. ಲೈನರನ್ನು ಸರಿಯಾದ ಅಳತೆಗೆ ಕೊರೆಸಿ, ರೆಸಾರ್ಟಿನ ದಿನಕ್ಕೆ ಮುಂಚೆ ಕಟ್ಟಿ ಮುಗಿಸುವಷ್ಟು ಸಮಯವಿತ್ತು. ಆದರೆ ಅವನ ಕೈಯ ಪಟ್ಟಿ ನೋಡಿದೆ. ಬಾಯಿಗೆ ಬೇರೆಯೇ ಬಂತು.

"ಆಚಾರ್ರು ಬಿಗಿ ಕೊರೆದಿದ್ದಾರೆ. ನಾನು ಮೂರೂವರೆ ಹೇಳಿದ್ದೆ."

ಅವನು ಅಲ್ಲೇ ನಿಂತು ಆಚಾರ್ರಿಗೆ ಫೋನ್ ಮಾಡಿದ, ನನಗೂ ಕೇಳುವ ಹಾಗೆ ಸ್ಪೀಕರಿನಲ್ಲಿ ಇಟ್ಟ.

"ನಿಮಗೆ ಮೇಸ್ತ್ರಿಗಳು ಎಷ್ಟು ಹೇಳಿದ್ದು ಆಚಾರ್ರೇ?"

"ಒಂದೂವರೆ."

"ಅವರು ಮೂರೂವರೆ ಹೇಳಿದ್ದಂತೆ."

ಆಚೆ ಕಡೆ ಲೇತ್ ತಿರುಗುವ ಸದ್ದು ನಿಂತಿತು.

"ಅವ ಅಲ್ಲೇ ಇದ್ದಾನಾ? ಫೋನಿನ ಹತ್ತಿರ ಬರ್ಲಿಕ್ಕೆ ಹೇಳು. ಏ ಮಾರಾಯ, ಎಷ್ಟು ಹೇಳಿದ್ದು ನೀನು?"

"ಮೂರೂವರೆ," ಎಂದೆ.

"ಸರಿ. ನಾನು ನಿನ್ನ ಹತ್ತಿರ ಜಗಳ ಮಾಡುವುದಿಲ್ಲ. ಬರುವ ಸಂಕ್ರಮಣಕ್ಕೆ ನಮ್ಮ ಕುಟುಂಬದ ದೈವಸ್ಥಾನಕ್ಕೆ ಬಾ. ನಾನು ಕೇಳಿದ್ದನ್ನು ನಾನು ಹೇಳ್ತೇನೆ, ನೀನು ಹೇಳಿದ್ದನ್ನು ನೀನು ಹೇಳು. ಅಷ್ಟರವರೆಗೆ ಆ ಸಿಲಿಂಡರನ್ನು ನಾನು ಮುಟ್ಟುವುದಿಲ್ಲ."

ನಮ್ಮ ಕಡೆ ಈ ಮಾತಿನ ತೂಕ ಎಲ್ಲರಿಗೂ ಗೊತ್ತು. ಕೋರ್ಟಿಗೆ ಹೋದವರು ಮತ್ತೆ ಒಟ್ಟಿಗೆ ಕೂತು ಚಾ ಕುಡಿದದ್ದುಂಟು. ದೈವದ ಎದುರು ಎದುರುಬದುರಾಗಿ ಪ್ರಮಾಣ ಮಾಡಿದ ಮೇಲೆ ಎರಡು ಮನೆಯವರ ನಡುವೆ ಅನ್ನ ನೀರು ಇಲ್ಲ. ಸಿಟ್ಟಿನಲ್ಲಿ ಹೇಳಿದ್ದು, ತಣ್ಣಗಾದಾರು ಎಂದುಕೊಂಡೆ. ಹಾಗೆ ಹೇಳಿ ಬಿಟ್ಟುಬಿಡುವವರೇ ಹೆಚ್ಚು. ಆಚಾರ್ರ ಫೋನು ಮತ್ತೆ ಬರಲಿಲ್ಲ.

ಅವರಿಲ್ಲದೆಯೇ ಕೆಲಸ ಮುಗಿಸಿದರೆ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ ಎಂಬ ಆಸೆ ನನಗೆ. ಕೈಡ್ರಿಲ್ಲಿಗೆ ಸಾಣೆಕಲ್ಲು ಸಿಕ್ಕಿಸಿ ಸಿಲಿಂಡರಿನ ಒಳಗೋಡೆಯನ್ನು ನಾನೇ ತೇಯಲು ಕೂತೆ. ಎರಡು ಥೌ ಏನು ಮಹಾ ಎನ್ನಿಸಿತ್ತು. ಸೀಮೆಎಣ್ಣೆ ಬಿಡುತ್ತಾ, ಡ್ರಿಲ್ಲನ್ನು ಮೇಲೆ ಕೆಳಗೆ ಆಡಿಸುತ್ತಾ, ಸ್ವಲ್ಪ ಹೊತ್ತಿಗೊಮ್ಮೆ ಅಳೆಯುತ್ತಾ ಹೋದೆ. ಮೇಲ್ಭಾಗ ತೇದಷ್ಟು ಕೆಳಭಾಗ ತೇಯಲಿಲ್ಲ. ಕೆಳಭಾಗಕ್ಕೆ ಒತ್ತಿದರೆ ಒಂದು ಬದಿಗೆ ಎಳೆಯಿತು. ಸರಿ ಮಾಡಲು ಹೋದಷ್ಟೂ ಕೆಟ್ಟಿತು. ಕೊನೆಗೆ ಗೇಜ್ ಇಳಿಸಿ ತಿರುಗಿಸಿದರೆ ಮುಳ್ಳು ಒಂದೊಂದು ಕಡೆ ಒಂದೊಂದು ಹೇಳಿತು. ಸಿಲಿಂಡರಿನ ರಂಧ್ರ ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಇನ್ನು ಅದು ಯಾವ ಪಿಸ್ಟನ್ನಿಗೂ ಆಗದು.

ಅವನು ಬೆರಳು ಒಳಗಿಟ್ಟು ಸವರಿ ನೋಡಿದ. ಬೈಯಲಿಲ್ಲ. "ಇದು ನಿಮ್ಮ ಕೆಲಸ ಅಲ್ಲ ಅಂತ ನಿಮಗೆ ಗೊತ್ತಿತ್ತಲ್ಲ?" ಎಂದಷ್ಟೇ ಕೇಳಿದ.

ಮರುದಿನ ಅವನು ಬೆಳ್ತಂಗಡಿಗೆ ಸಿಲಿಂಡರ್ ಹಿಡಿದುಕೊಂಡು ಹೋದ. ಅಲ್ಲಿಯ ಲೇತಿನವರು ಅಲ್ಯೂಮಿನಿಯಮ್ ಸಿಲಿಂಡರಿಗೆ ಲೈನರ್ ಹಾಕುವ ಜವಾಬ್ದಾರಿ ಬೇಡ ಎಂದರಂತೆ. ಇನ್ನೊಬ್ಬರು ಮಳೆ ಕಳೆದ ಮೇಲೆ ನೋಡುವ ಎಂದರಂತೆ. ರೆಸಾರ್ಟಿನ ಯಜಮಾನರು ಎರಡು ಸಲ ಫೋನ್ ಮಾಡಿದರು. ಎರಡನೆಯ ಸಲ ಅವನು ಮಾತಾಡುತ್ತಾ ಶೆಡ್ಡಿನ ಹೊರಗೆ ಹೋಗಿ, ರಸ್ತೆ ಬದಿಯಲ್ಲಿ ಅತ್ತಿಂದಿತ್ತ ನಡೆದು, ಫೋನ್ ಇಟ್ಟ ಮೇಲೂ ಒಳಗೆ ಬರಲಿಲ್ಲ. ಬಂದಾಗ, "ಇನ್ನು ಸ್ವಲ್ಪ ಸಮಯ ಕೊಡಿ ಅಂದೆ. ನೋಡುವ ಅಂದರು. ಆ ‘ನೋಡುವ’ ನನಗೆ ಗೊತ್ತುಂಟು, ಗಲ್ಫಿನಲ್ಲಿಯೂ ಕೇಳಿದ್ದೇನೆ," ಎಂದ.

ಬಂಟ್ವಾಳದಿಂದ ಮೂಡುಬಿದಿರೆಗೆ ಬಸ್ಸುಗಳಿಗೆ ಬರಗಾಲವಿಲ್ಲ. ಯಾವ ದಿನವಾದರೂ ಒಂದು ಬಸ್ಸು ಹತ್ತಿ, ಆಚಾರ್ರ ಲೇತಿನ ಎದುರು ನಿಂತು ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು. ಪ್ರತಿದಿನ ಬೆಳಗ್ಗೆ ಅಂಗಿ ಹಾಕಿಕೊಂಡೆ, ಪ್ರತಿದಿನ ಶೆಡ್ಡಿಗೇ ಹೋದೆ. ಮಾಡಲು ಅಲ್ಲಿ ಏನೂ ಕೆಲಸವಿರಲಿಲ್ಲ. ತೊಳೆದ ಬೋಲ್ಟುಗಳನ್ನೇ ಮತ್ತೆ ತೊಳೆದೆ.

ಹೆಂಡತಿಗೆ ಅನುಮಾನ ಬಂದಿತ್ತು. "ಸಂಕ್ರಮಣಕ್ಕೆ ಹೋಗುವವರಾ ನೀವು?" ಎಂದು ಕೇಳಿದಳು.

"ಹೋಗದಿದ್ದರೆ ತಪ್ಪು ನನ್ನದು ಅಂತ ಆಗ್ತದಲ್ಲ."

"ಹೋದರೆ?"

ಅವಳು ನನ್ನ ಪಂಚೆಯನ್ನು ಒಗೆದು ಒಣಗಿಸಿಟ್ಟಳು. ಆದರೆ ನನ್ನ ಜೊತೆ ಬರಲು ಒಪ್ಪಲಿಲ್ಲ.

ಸಂಕ್ರಮಣದ ಬೆಳಗ್ಗೆ ಅವನೇ ನನ್ನನ್ನು ಬೈಕಿನಲ್ಲಿ ಕರೆದುಕೊಂಡು ಹೋದ. ಕೆಟ್ಟ ಸಿಲಿಂಡರನ್ನು ಗೋಣಿಯಲ್ಲಿ ಸುತ್ತಿ, ಪಿಸ್ಟನ್ನಿನ ಜೊತೆ ಟ್ಯಾಂಕಿನ ಮೇಲೆ ಇಟ್ಟುಕೊಂಡಿದ್ದ. ಮೂಡುಬಿದಿರೆಯ ಹೊರಗೆ ಆಚಾರ್ರ ಕುಟುಂಬದ ದೈವಸ್ಥಾನ. ಹೆಂಚಿನ ಸಣ್ಣ ಗುಡಿ, ಎದುರು ಸಗಣಿ ಸಾರಿಸಿದ ಅಂಗಳ. ಆಚಾರ್ರು ಸ್ನಾನ ಮಾಡಿ ಒದ್ದೆ ಕೂದಲಿನಲ್ಲಿ ನಿಂತಿದ್ದರು. ಲೇತಿನ ಎಣ್ಣೆ ಹತ್ತದ ಬಿಳಿ ಪಂಚೆಯಲ್ಲಿ ನಾನು ಅವರನ್ನು ಕಂಡದ್ದು ಕಡಿಮೆ. ಅವರ ಕುಟುಂಬದ ಹಿರಿಯರು ದೀಪ ಹಚ್ಚಿ, ಅಡಿಕೆ ಹೂವಿನ ಹಿಂಗಾರ ಇಟ್ಟು, ಬಾಳೆಎಲೆಯಲ್ಲಿ ಒಂದು ತೆಂಗಿನಕಾಯಿ ಇಟ್ಟರು.

"ಯಾರಿಗಾದರೂ ಮಾತು ಹಿಂದೆ ತೆಗೆದುಕೊಳ್ಳಲಿಕ್ಕೆ ಉಂಟಾದರೆ ಈಗ ಹೇಳಿ," ಎಂದರು ಹಿರಿಯರು. "ಕಾಯಿ ಮುಟ್ಟಿದ ಮೇಲೆ ಅದು ನಮ್ಮ ಕೈಯಲ್ಲಿ ಇಲ್ಲ."

ನಾನು ಕಾಯಿ ಮುಟ್ಟುವವನೇ ಆಗಿದ್ದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ದೈವದ ಭಯ ನನಗಿಲ್ಲ ಎಂದಲ್ಲ. ಆದರೆ ಇಷ್ಟು ದಿನ ಹೇಳಿಕೊಂಡೇ ಬಂದ ಸುಳ್ಳು ನನ್ನ ಬಾಯಿಗೆ ಅಭ್ಯಾಸವಾಗಿಬಿಟ್ಟಿತ್ತು.

ಮೊದಲು ಮುಟ್ಟಬೇಕಾದವರು ಆಚಾರ್ರು. ಅವರು ಕೈ ಮುಂದೆ ಚಾಚಿದರು, ಮತ್ತೆ ಹಿಂದಕ್ಕೆ ಎಳೆದುಕೊಂಡರು. ಹತ್ತಿರದಲ್ಲಿದ್ದ ನನಗೆ ಮಾತ್ರ ಕೇಳುವ ಹಾಗೆ ತಗ್ಗಿದ ಸ್ವರದಲ್ಲಿ, "ಮಾರಾಯ, ಇಷ್ಟು ದಿನ ನಿದ್ದೆ ಮಾಡಲಿಲ್ಲ ನಾನು," ಎಂದರು. "ನೀನು ಒಂದೂವರೆ ಹೇಳಿದ್ದು ಹೌದಾ ಅಂತ ಈಗ ನನಗೇ ಸಂಶಯ ಬರ್ತಾ ಉಂಟು. ಪ್ರಾಯ ಆಯಿತಲ್ಲ. ನೀನು ಸುಳ್ಳು ಹೇಳುವವನಲ್ಲ. ನನ್ನ ತಲೆಯೇ ಕೆಟ್ಟಿತಾ ಅಂತ."

ಅವರು ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. ಅರ್ಧ ಥೌ ಹೆಚ್ಚು ಕಡಿಮೆಯಾಗದ ಕೈ ಅದು. ನಾನು ಅವರ ಹೆಸರು ಕೆಡಿಸಿದೆ ಎಂದಷ್ಟೇ ಅಲ್ಲಿಯವರೆಗೆ ತಿಳಿದಿದ್ದೆ. ಅವರಿಗೆ ತಮ್ಮ ಮೇಲೆಯೇ ಇದ್ದ ನಂಬಿಕೆಯನ್ನು ತೆಗೆದುಬಿಟ್ಟಿದ್ದೆ ಎಂದು ಆಗ ಗೊತ್ತಾಯಿತು.

"ಮುಟ್ಟಬೇಡಿ," ಎಂದೆ. "ಒಂದೂವರೆ ಹೇಳಿದ್ದು ನಾನೇ. ನೀವು ಸರಿಯಾಗಿಯೇ ಕೊರೆದದ್ದು. ಎಂಜಿನ್ ಬಿಚ್ಚಿದ ದಿನವೇ ನನಗೆ ಗೊತ್ತಿತ್ತು."

ಹಿರಿಯರು ತೆಂಗಿನಕಾಯಿಯನ್ನು ಎತ್ತಿ ಬದಿಗಿಟ್ಟರು. ನನ್ನನ್ನು ಕರೆತಂದವನು ನನ್ನ ಕಡೆ ನೋಡಲೇ ಇಲ್ಲ. ಆಚಾರ್ರು ಕಣ್ಣು ಒರೆಸಿಕೊಂಡು ಅವನತ್ತ ತಿರುಗಿ, "ಸಿಲಿಂಡರ್ ತಂದಿದ್ದೀಯಾ?" ಎಂದು ಕೇಳಿದರು.

"ಬೈಕಿನಲ್ಲಿ ಉಂಟು."

"ಪಿಸ್ಟನ್?"

"ಅದೂ ಉಂಟು."

"ಬಾ, ಹೋಗುವ. ಅಳತೆ ಎಷ್ಟು ಅಂತ ನೀನೇ ಹೇಳು. ಇವ ಹೇಳುವುದು ಬೇಡ."

ಅವನು ನನ್ನತ್ತ ತಿರುಗದೆಯೇ ಕೇಳಿದ, "ಎಷ್ಟು?"

"ಮೂರೂವರೆ," ಎಂದೆ. ಅವನು ಅದನ್ನೇ ಆಚಾರ್ರಿಗೆ ಹೇಳಿದ. ನಾನು ನಿಂತಲ್ಲಿಂದ ಅವರು ಎರಡು ಹೆಜ್ಜೆ ದೂರದಲ್ಲಿದ್ದರು.

ಆಚಾರ್ರು ಆ ದಿನ ಪ್ರಮಾಣಕ್ಕೆಂದು ಹಿಡಿದ ಉಪವಾಸವನ್ನೂ ಮುರಿಯದೆ ಹಾಳಾದ ಲೈನರ್ ಕೊರೆದು ತೆಗೆದು ಹೊಸತು ಕೂರಿಸಿದರು. ಕಟ್ಟುವ ಕೆಲಸವನ್ನು ಅವನು ನನಗೇ ಬಿಟ್ಟ, ಬೇರೆ ದಾರಿ ಇರಲಿಲ್ಲ. ಪಿಸ್ಟನ್ನಿನ ರಿಂಗುಗಳ ತುದಿಗಳನ್ನು ಅರದಿಂದ ಉಜ್ಜಿ ಅಲ್ಲಿಯೂ ಬೇಕಾದಷ್ಟು ಎಡೆ ಬಿಟ್ಟೆ. ಪಂಪಿನ ಎಂಜಿನಿನ ಹಾಗೆ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಿ ಪಳಗಿಸಲಿಲ್ಲ. ಕಾಯಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಮತ್ತೆ ಕಾಯಿಸಿದೆ. ಆಮೇಲೆ ಕೋರೆಯಲ್ಲಿ ಅವನು ಸಣ್ಣ ಏರುಗಳಲ್ಲಿ ಆಕ್ಸಿಲರೇಟರ್ ಕೊಟ್ಟು, ಬಿಟ್ಟು, ಕೊಟ್ಟು, ಬಿಟ್ಟು ಓಡಿಸಿದ. ನಡುವೆ ಒಮ್ಮೆ ಸಿಲಿಂಡರ್ ಎತ್ತಿ ನೋಡಿದೆವು. ಪಿಸ್ಟನ್ನಿನ ಮೈಯಲ್ಲಿ ಒಂದು ಗೀರೂ ಇರಲಿಲ್ಲ. ಆಮೇಲೆ ಅವನು ದೊಡ್ಡ ಏರನ್ನು ಹತ್ತಿಸಿದ. ಮುಂದಿನ ಚಕ್ರಗಳು ನೆಲ ಬಿಟ್ಟು ಎದ್ದವು, ಮೇಲೆ ಹೋಗಿ ತಿರುಗಿ ಬಂದ, ಮತ್ತೆ ಹತ್ತಿಸಿದ. ಬಿಸಿಲು ಇಳಿಯುವವರೆಗೂ ಹತ್ತಿಸಿದ. ನನ್ನ ಕೈಯಲ್ಲಿ ಅಷ್ಟು ಎಳೆತದ ಎಂಜಿನ್ ಅದಕ್ಕೆ ಮೊದಲು ಕಟ್ಟಿ ಆಗಿರಲಿಲ್ಲ.

ಬೆಳ್ತಂಗಡಿಗೆ ಗಾಡಿಯನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಹೋದೆವು. ಯಜಮಾನರು ಹೇಳಿದ್ದ ದಿನ ಕಳೆದಿತ್ತು. ಅವರು ಒಳ್ಳೆಯವರೇ. ಕುರ್ಚಿ ಹಾಕಿಸಿ, ಚಾ ತರಿಸಿದರು. "ಓಡಿಸಿ ತೋರಿಸಿ," ಎಂದರು. ಅವನು ಓಡಿಸಿದ. ಅವರು ಪೂರ್ತಿ ನೋಡಿದರು. ನೋಡಿ ಆದ ಮೇಲೆ, "ಗಾಡಿ ಫಸ್ಟ್‌ಕ್ಲಾಸ್ ಉಂಟು," ಎಂದರು. "ಆದರೆ ನಾನು ಕಾದೆ ಅಲ್ವಾ? ಮಳೆ ಬಂದರೆ ಮಣ್ಣಿನ ಕೆಲಸ ನಿಲ್ತದೆ. ಕಳೆದ ವಾರ ಬೇರೆ ಪಾರ್ಟಿಗೆ ಕೊಟ್ಟಾಯಿತು. ಅವರದ್ದೇ ಗಾಡಿಗಳು, ಅವರದ್ದೇ ಜನ."

"ಆಗಲಿ," ಎಂದ ಅವನು. ಹೆಲ್ಮೆಟ್ ತೆಗೆದು, ಅದರ ಒಳಗಿನ ಬೆವರನ್ನು ಅಂಗಿಯ ತುದಿಯಲ್ಲಿ ಒರೆಸಿದ. ವಾಪಸು ಬರುವಾಗ ನಾನು ಕ್ಷಮಿಸು ಎಂದೆ. ಅವನು ಕಿಟಕಿಯ ಹೊರಗೆ ನೋಡುತ್ತಾ, "ಮೇಸ್ತ್ರಿಗಳೇ, ತಪ್ಪು ಅಳತೆ ಕೊಟ್ಟದ್ದಕ್ಕೆ ನನಗೆ ಬೇಸರ ಇಲ್ಲ. ಅದು ಯಾರಿಗೂ ಆಗ್ತದೆ. ಆ ದಿನ ಸಂಜೆ ಗೊತ್ತಾಯಿತಾ ಅಂತ ಕೇಳಿದೆನಲ್ಲ ನಾನು," ಎಂದ.

ಮಳೆ ಹಿಡಿಯುವ ಮೊದಲೇ ಅವನು ಗಲ್ಫಿಗೆ ಹೋದ. ಆಚಾರ್ರು ಈಗಲೂ ನನ್ನ ಕೆಲಸ ಮಾಡಿಕೊಡುತ್ತಾರೆ. ಆದರೆ ಫೋನಿನಲ್ಲಿ ಅಳತೆ ತೆಗೆದುಕೊಳ್ಳುವುದಿಲ್ಲ. ಒಂದೊಂದು ಸಿಲಿಂಡರಿಗೂ ನಾನೇ ಬಸ್ಸಿನಲ್ಲಿ ಹೋಗಿ, ಅವರ ಎದುರು ನಿಂತು ಹೇಳಬೇಕು. ಹೇಳಿದ ಮೇಲೆ ಅವರು, "ಇನ್ನೊಮ್ಮೆ ಹೇಳು," ಎನ್ನುತ್ತಾರೆ. ಹೇಳುತ್ತೇನೆ.

ಎಟಿವಿಯನ್ನು ಅವನು ಮಾರಲಿಲ್ಲ. ಶಿರ್ತಾಡಿಯ ಮನೆಯ ಬದಿಯ ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದೆಸಿ ಇಟ್ಟಿದ್ದಾನೆ. ನಿಂತೇ ಇದ್ದರೆ ಎಂಜಿನ್ ಹಾಳಾಗುತ್ತದೆ, ಆಗಾಗ ಸ್ಟಾರ್ಟ್ ಮಾಡಬೇಕು ಎಂದು ನಾನೇ ಹೇಳಿದ್ದೆ. ಹಾಗಾಗಿ ತಿಂಗಳಿಗೊಮ್ಮೆ ಹೋಗುತ್ತೇನೆ. ಎಣ್ಣೆ ನೋಡಿ, ಬ್ಯಾಟರಿಯ ತಂತಿ ಜೋಡಿಸಿ, ಗುಂಡಿ ಒತ್ತುತ್ತೇನೆ. ಒಂದೇ ಒತ್ತಿಗೆ ಏಳುತ್ತದೆ. ಆ ಸದ್ದಿಗೆ ಅವನ ಹೆಂಡತಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಲ್ಲುತ್ತಾಳೆ. ಪ್ರತಿ ಸಲವೂ ಒಂದೇ ಪ್ರಶ್ನೆ.

"ಈಗ ಸರಿ ಉಂಟಲ್ಲ ಮೇಸ್ತ್ರಿಗಳೇ, ಎಂಜಿನ್?"

"ಉಂಟು," ಎನ್ನುತ್ತೇನೆ.

ಅವಳು ಸ್ವಲ್ಪ ಹೊತ್ತು ಎಂಜಿನ್ ಓಡುವುದನ್ನು ಕೇಳುತ್ತಾ ನಿಂತು, ಒಳಗೆ ಹೋಗುತ್ತಾಳೆ.